ಮಗುವಿನ ಪಾಲನ್ನು ಬಿಟ್ಟುಕೊಡುವ ಅಧಿಕಾರ ಯಾರಿಗಿದೆ?

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನ್ಯಾಯವಾದಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಶಿವಾನುಭವದಲ್ಲಿ ವಿಚ್ಛೇದನದ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಮದುವೆಗೆ ಆಶೀರ್ವಾದ ಕೇಳಲು ನಾವು ಮಠಕ್ಕೆ ಬರುತ್ತೇವೆ. ಮದುವೆ ಮುರಿಯುವಾಗಲೂ ಮೊದಲು ಬರುವುದು ಮಠಕ್ಕೇ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಊರ ನಾಲ್ಕು ಹಿರಿಯರು ಇದೇ ಜಗಲಿಯ ಮೇಲೆ ಕೂತು ಬಗೆಹರಿಸಲು ನೋಡುತ್ತಾರೆ. ನಮ್ಮ ಕೌಟುಂಬಿಕ ನ್ಯಾಯಾಲಯಕ್ಕೆ ಬರುವ ಕಡತಗಳಲ್ಲಿ ಎಷ್ಟೋ ಪ್ರಕರಣಗಳಿಗೆ ಮೊದಲ ವಿಚಾರಣೆ ಆಗಿರುವುದು ಇಂಥ ಜಗಲಿಯಲ್ಲೇ. ಹಾಗಾಗಿ ಈ ಮಾತು ಕೋರ್ಟಿನ ಆವರಣಕ್ಕಿಂತ ಇಲ್ಲಿಯೇ ಹೆಚ್ಚು ಬೇಕು.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಹಿರಿಯರ ರಾಜಿಯನ್ನು ಹಳಿಯಲು ನಾನು ಬಂದಿಲ್ಲ. ಕೂತು ಮಾತನಾಡಿಸಿ ಎಷ್ಟೋ ಮನೆಗಳನ್ನು ಉಳಿಸಿದವರು ನೀವು. ಕಾನೂನು ಕೂಡ ರಾಜಿಗೆ ವಿರುದ್ಧವಾಗಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯು ಮೊದಲು ರಾಜಿಗೆ ಪ್ರಯತ್ನಿಸಬೇಕು ಎಂದು ನ್ಯಾಯಾಧೀಶರಿಗೇ ಹೊಣೆ ಹೊರಿಸಿದೆ. ನನ್ನ ತಕರಾರು ಒಂದೇ. ಗಂಡ ಹೆಂಡತಿಯ ಜಗಳ ಬಗೆಹರಿಸುವಾಗ ನಾವು ಮಗುವಿನ ಪಾಲನ್ನೂ ಸೇರಿಸಿ ಬಗೆಹರಿಸಿಬಿಡುತ್ತೇವೆ. ಆ ಅಧಿಕಾರ ಹಿರಿಯರಿಗೆ ಇಲ್ಲ. ತಂದೆಗೂ ಇಲ್ಲ, ತಾಯಿಗೂ ಇಲ್ಲ. ಇವತ್ತು ನಾನು ಹೇಳಬೇಕಾದ ಮುಖ್ಯ ಸಂಗತಿ ಇಷ್ಟೇ. ಉಳಿದದ್ದು ಅದರ ವಿವರ.

ನಮಗೆ ಯಾವ ಕಾನೂನು ಅನ್ವಯ?

ಲಿಂಗಾಯತ ಸಭೆಗಳಲ್ಲಿ ನನಗೆ ಮೊದಲು ಎದುರಾಗುವ ಪ್ರಶ್ನೆ ಇದು: "ನಮ್ಮದು ಸ್ವತಂತ್ರ ಧರ್ಮ ಅಂತ ಹೇಳ್ತೀವಿ, ಮತ್ತೆ ಹಿಂದೂ ವಿವಾಹ ಕಾಯ್ದೆ ನಮಗೆ ಹೇಗೆ ಅನ್ವಯ ಆಗ್ತದ?" ಪ್ರಶ್ನೆ ಸರಿಯಾದದ್ದೇ. ಧರ್ಮದ ಮಾನ್ಯತೆಯ ಹೋರಾಟ ಒಂದು ಕಡೆ ನಡೆದಿದೆ. 2018ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕೇಂದ್ರಕ್ಕೆ ಶಿಫಾರಸು ಕಳಿಸಿದ್ದು ನಿಮಗೆಲ್ಲ ಗೊತ್ತು. ಆದರೆ ಕೌಟುಂಬಿಕ ವಿಷಯದಲ್ಲಿ ಇವತ್ತಿನ ಕಾನೂನು ಸ್ಪಷ್ಟವಾಗಿದೆ. 1955ರ ಹಿಂದೂ ವಿವಾಹ ಕಾಯ್ದೆಯ 2ನೇ ಕಲಂ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಹಿಡಿದೇ ಹೇಳುತ್ತದೆ. 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲೂ, ಅದೇ ವರ್ಷದ ಅಪ್ರಾಪ್ತವಯಸ್ಕರು ಮತ್ತು ಪಾಲಕತ್ವ ಕಾಯ್ದೆಯಲ್ಲೂ, ಉತ್ತರಾಧಿಕಾರ ಕಾಯ್ದೆಯಲ್ಲೂ ಹಾಗೆಯೇ ಇದೆ. ಧರ್ಮದ ಚರ್ಚೆಯನ್ನು ಮುಂದಿಟ್ಟು ಹೆಂಡತಿ ಮಕ್ಕಳ ಜೀವನಾಂಶದಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಇದರ ಜೊತೆಗೇ ಇನ್ನೊಂದು ಪ್ರಶ್ನೆ ಬರುತ್ತದೆ. ನಮ್ಮಲ್ಲಿ ಅಗ್ನಿ ಇಲ್ಲ, ಸಪ್ತಪದಿ ಇಲ್ಲ, ಮದುವೆ ಕಾನೂನುಬದ್ಧವೇ ಎಂದು. ಕಾಯ್ದೆಯ 7ನೇ ಕಲಂ ಪ್ರಕಾರ ವಧು ಅಥವಾ ವರನ ಕಡೆಯ ರೂಢಿಯ ಸಂಸ್ಕಾರದಂತೆ ಮದುವೆ ಆಗಬಹುದು. ಸಪ್ತಪದಿ ಇರುವ ಪದ್ಧತಿಯವರಿಗೆ ಮಾತ್ರ ಸಪ್ತಪದಿ ಮುಖ್ಯ. ಆದರೂ ಜೀವನಾಂಶದ ಅರ್ಜಿ ಹಾಕಿದ ದಿನ ಎದುರು ಪಕ್ಷದ ಮೊದಲ ತಕರಾರು "ಮದುವೆಯೇ ಆಗಿಲ್ಲ" ಎಂದಿರುತ್ತದೆ. ಆಗ ಸಾಕ್ಷಿ ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಆದ್ದರಿಂದ ಮಠದಲ್ಲಿ ನಡೆಯುವ ಪ್ರತಿ ಮದುವೆ, ಸಾಮೂಹಿಕ ವಿವಾಹವೂ ಸೇರಿ, ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಬೇಕು. ಮಠದ ದಾಖಲೆ ಪುಸ್ತಕದಲ್ಲಿ ದಿನಾಂಕ, ಸಾಕ್ಷಿಗಳ ಸಹಿ, ಒಂದು ಫೋಟೋ ಇರಬೇಕು.

ಬಾಂಡ್ ಪೇಪರ್ ವಿಚ್ಛೇದನವಲ್ಲ

ನಮ್ಮ ಭಾಗದಲ್ಲಿ ಸೋಡಚೀಟಿ ಎನ್ನುತ್ತೇವೆ. ನೂರೋ ಇನ್ನೂರೋ ರೂಪಾಯಿಯ ಬಾಂಡ್ ಪೇಪರ್ ತಂದು, "ನಮ್ಮಿಬ್ಬರಿಗೂ ಇನ್ನು ಸಂಬಂಧವಿಲ್ಲ, ಕೊಡುವುದು ತೆಗೆದುಕೊಳ್ಳುವುದು ಮುಗಿಯಿತು, ಮುಂದೆ ಯಾವ ತಕರಾರೂ ಮಾಡುವುದಿಲ್ಲ" ಎಂದು ಬರೆಸಿ, ಇಬ್ಬರ ಸಹಿ, ಪಂಚರ ಸಹಿ, ನೋಟರಿ ಮುದ್ರೆ. ಎಲ್ಲರೂ ಮನೆಗೆ ಹೋಗುತ್ತಾರೆ. ವಿಚ್ಛೇದನ ಆಯಿತೆಂದು ನಂಬುತ್ತಾರೆ.

ಆಗಿರುವುದಿಲ್ಲ. ವಿವಾಹ ಕಾಯ್ದೆಯ 29ನೇ ಕಲಂ ರೂಢಿಗತ ವಿಚ್ಛೇದನವನ್ನು ಉಳಿಸಿದೆ, ನಿಜ. ಆದರೆ ಅಂಥ ರೂಢಿ ಆ ಸಮುದಾಯದಲ್ಲಿ ಬಹುಕಾಲದಿಂದ ಬಿಡದೆ ನಡೆದುಕೊಂಡು ಬಂದಿದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಬಾಯಿಮಾತಿನ "ನಮ್ಮಲ್ಲಿ ಹೀಗೇ" ಸಾಲುವುದಿಲ್ಲ. ಸಾಬೀತಾಗದಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ. ಮದುವೆ ಹಾಗೇ ಉಳಿದಿರುತ್ತದೆ.

ಪರಿಣಾಮ ನೋಡಿ. ಆ ಕಾಗದ ನಂಬಿ ಮತ್ತೊಂದು ಮದುವೆಯಾದರೆ ಎರಡನೆಯ ಮದುವೆ ಅಸಿಂಧು. ಮೊದಲ ಸಂಗಾತಿ ದೂರು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂನಂತೆ 7 ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ. ಉಡಿಕೆ ಮಾಡಿಕೊಂಡು ಹೊಸ ಬದುಕು ಕಟ್ಟಿಕೊಂಡ ಹೆಣ್ಣುಮಗಳು ಹತ್ತು ವರ್ಷದ ಮೇಲೆ ಗಂಡನ ಪಿಂಚಣಿಗೆ ಅರ್ಜಿ ಹಾಕಿದಾಗ "ಮೊದಲ ವಿಚ್ಛೇದನದ ಡಿಕ್ರಿ ತನ್ನಿ" ಎನ್ನುತ್ತಾರೆ. ಡಿಕ್ರಿ ಇರುವುದಿಲ್ಲ.

ಇನ್ನೂ ಸೂಕ್ಷ್ಮವಾದ ಅಪಾಯ ಒಂದಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂನಲ್ಲಿ, ಅಂದರೆ 2024ರ ಜುಲೈ 1ಕ್ಕೆ ಮೊದಲು ನಾವು 125 ಎನ್ನುತ್ತಿದ್ದ ಕಲಂನಲ್ಲಿ, ಪರಸ್ಪರ ಒಪ್ಪಿಗೆಯಿಂದ ಬೇರೆ ಇರುವ ಹೆಂಡತಿಗೆ ಜೀವನಾಂಶ ಇಲ್ಲ ಎಂಬ ಮಾತಿದೆ. "ನಾವಿಬ್ಬರೂ ಒಪ್ಪಿ ಬೇರೆ ಇದ್ದೇವೆ" ಎಂದು ಬಾಂಡ್ ಪೇಪರಿನ ಮೇಲೆ ಬರೆಸಿಕೊಟ್ಟ ಹೆಣ್ಣುಮಗಳಿಗೆ ವಿಚ್ಛೇದನವೂ ಸಿಗಲಿಲ್ಲ, ಆ ಕಾಗದವೇ ಅವಳ ಜೀವನಾಂಶಕ್ಕೂ ಅಡ್ಡ ಬಂತು. ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಬರೆಸಿರುತ್ತಾರೆ. ಪೆಟ್ಟು ಮಾತ್ರ ಅವಳಿಗೆ.

ಇಬ್ಬರಿಗೂ ಬೇಡವೆಂದಾದರೆ ಸರಿಯಾದ ದಾರಿ ಇದೆ. 1976ರ ತಿದ್ದುಪಡಿಯಿಂದ ಬಂದ 13-ಬಿ ಕಲಂ. ಒಂದು ವರ್ಷ ಬೇರೆ ಇದ್ದು, ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಆರು ತಿಂಗಳ ಮೇಲೆ, ಹದಿನೆಂಟು ತಿಂಗಳ ಒಳಗೆ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ರಾಜಿಯ ದಾರಿಯೆಲ್ಲ ಮುಗಿದಿದ್ದರೆ, ಜೀವನಾಂಶ ಮತ್ತು ಮಕ್ಕಳ ವಿಷಯ ಇತ್ಯರ್ಥವಾಗಿದ್ದರೆ, ಆ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. "ಕೋರ್ಟಿಗೆ ಹೋದರೆ ಮನೆತನದ ಮಾನ ಹೋಗ್ತದ" ಎನ್ನುವ ಹಿರಿಯರಿಗೆ ನಾನು ಹೇಳುವುದು ಇಷ್ಟು: ಇದು ಜಗಳದ ಕೋರ್ಟಲ್ಲ. ನೀವು ಮಾಡಿಸಿದ ರಾಜಿಗೇ ಮುದ್ರೆ ಹಾಕಿಸುವ ಕೋರ್ಟು.

ಎರಡು ಲಕ್ಷ ರೂಪಾಯಿಯ ಲೆಕ್ಕ

ಈಗ ಮಗುವಿನ ವಿಷಯಕ್ಕೆ ಬರೋಣ. ನಾನು ಅನೇಕ ಸಲ ನೋಡಿರುವ ಒಂದು ರಾಜಿಯ ಮಾದರಿ ಹೇಳುತ್ತೇನೆ. ಮಗುವಿಗೆ ಮೂರು ವರ್ಷ. ಪಂಚರು ಕೂತು "ಹುಡುಗಿಗೂ ಕೂಸಿಗೂ ಸೇರಿ ಎರಡು ಲಕ್ಷ" ಎಂದು ತೀರ್ಮಾನಿಸುತ್ತಾರೆ. ಎರಡು ಲಕ್ಷ ಒಮ್ಮೆಗೇ ಕಣ್ಣಿಗೆ ಕಂಡಾಗ ದೊಡ್ಡದೆನಿಸುತ್ತದೆ. ತವರಿನವರಿಗೂ ಒಂದು ಕೆಲಸ ಮುಗಿದರೆ ಸಾಕಾಗಿರುತ್ತದೆ.

ತಾಯಿಯ ಪಾಲು ಸೊನ್ನೆ, ಎಲ್ಲವೂ ಕೂಸಿಗೇ ಎಂದಿಟ್ಟುಕೊಳ್ಳಿ. ಮೂರರಿಂದ ಹದಿನೆಂಟು ವರ್ಷದವರೆಗೆ 15 ವರ್ಷ, 180 ತಿಂಗಳು. ಎರಡು ಲಕ್ಷವನ್ನು 180ರಿಂದ ಭಾಗಿಸಿದರೆ ತಿಂಗಳಿಗೆ 1,111 ರೂಪಾಯಿ, ದಿನಕ್ಕೆ 37 ರೂಪಾಯಿ. ಅಸಲು ಮುಟ್ಟದೆ ಬ್ಯಾಂಕಿನಲ್ಲಿ ಶೇ. 7ರ ಬಡ್ಡಿಗೆ ಇಟ್ಟರೂ ವರ್ಷಕ್ಕೆ 14,000, ತಿಂಗಳಿಗೆ 1,166. ಇದರಲ್ಲಿ ಹಾಲು, ಬಟ್ಟೆ, ಶಾಲೆಯ ಶುಲ್ಕ, ಆಟೋದವನಿಗೆ ಕೊಡುವುದು, ಜ್ವರ ಬಂದರೆ ಆಸ್ಪತ್ರೆ. ಈ ಲೆಕ್ಕವನ್ನು ಆ ದಿನ ಜಗಲಿಯ ಮೇಲೆ ಯಾರಾದರೂ ಒಬ್ಬರು ಮಾಡಿದ್ದರೆ ಆ ರಾಜಿ ಹಾಗೆ ಆಗುತ್ತಿರಲಿಲ್ಲ.

ಕಾನೂನು ಏನು ಹೇಳುತ್ತದೆ? ಜೀವನಾಂಶ ಕಾಯ್ದೆಯ 20ನೇ ಕಲಂನಂತೆ ಅಪ್ರಾಪ್ತ ಮಗುವನ್ನು ಸಾಕುವುದು ತಂದೆ ತಾಯಿ ಇಬ್ಬರ ಹೊಣೆ. ಮದುವೆಯಾಗದ ಮಗಳು ತನ್ನ ದುಡಿಮೆಯಿಂದ ಬದುಕಲಾರದಿದ್ದರೆ ಹದಿನೆಂಟು ದಾಟಿದ ಮೇಲೂ ಆ ಹೊಣೆ ಮುಂದುವರಿಯುತ್ತದೆ. ಅವಳ ಮದುವೆಯ ನ್ಯಾಯವಾದ ಖರ್ಚೂ ಅದರಲ್ಲಿ ಸೇರಿದೆ. ಸಂಹಿತೆಯ 144ನೇ ಕಲಂನಂತೆ ಮಗು ತನ್ನ ಹೆಸರಿನಲ್ಲೇ ಜೀವನಾಂಶ ಕೇಳಬಹುದು. ದೇಹದ ಅಥವಾ ಬುದ್ಧಿಯ ಊನವಿದ್ದು ದುಡಿಯಲಾಗದ ಮಗುವಿಗೆ ಹದಿನೆಂಟರ ಮಿತಿ ಇಲ್ಲ. ಅದು ಮಗುವಿನ ಹಕ್ಕು. "ಮಗುವಿನ ಪರವಾಗಿಯೂ ಮುಂದೆ ಏನೂ ಕೇಳುವುದಿಲ್ಲ" ಎಂದು ತಾಯಿ ಬರೆದುಕೊಟ್ಟರೂ ಅದು ಮಗುವನ್ನು ಕಟ್ಟಿಹಾಕುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ತನ್ನ ಪಾಲನ್ನು ಅವಳು ಬಿಡಬಹುದು. ಕೂಸಿನದನ್ನು ಬಿಡಲಾರಳು.

ಇದು ದಾನವೂ ಅಲ್ಲ. ದಾನ ಬೇರೆ, ದಾಸೋಹ ಬೇರೆ ಎಂದು ತಿಳಿದ ಸಮಾಜ ನಮ್ಮದು. ಕೊಡುವವನ ಕೈ ಮೇಲು, ತೆಗೆದುಕೊಳ್ಳುವವನ ಕೈ ಕೆಳಗು ಎಂಬ ಭಾವವನ್ನೇ ಶರಣರು ಒಪ್ಪಲಿಲ್ಲ. ತನ್ನ ಕಾಯಕದ ಫಲದಲ್ಲಿ ತನ್ನ ಮಗುವಿಗೆ ಸೇರಬೇಕಾದದ್ದನ್ನು ಕೊಡುವಾಗ "ನಾನು ಕೊಡ್ತಾ ಇದ್ದೀನಿ" ಎಂಬ ಠೇಂಕಾರ ಯಾಕೆ?

ಎಷ್ಟು ಕೊಡಬೇಕು?

ಎಲ್ಲರೂ ಕೇಳುವ ಪ್ರಶ್ನೆ. ಕಾಯ್ದೆಯಲ್ಲಿ ಸೂತ್ರ ಇಲ್ಲ. ಸಂಬಳದ ನಾಲ್ಕನೇ ಒಂದು ಭಾಗ ಎಂಬ ಮಾತು ಓಡಾಡುತ್ತದೆ. 2017ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಂಡನ ನಿವ್ವಳ ಸಂಬಳದ ಶೇ. 25ರಷ್ಟು ಹೆಂಡತಿಗೆ ನ್ಯಾಯೋಚಿತ ಎಂದದ್ದು ಅದರ ಮೂಲ. ಅದು ಮಾರ್ಗಸೂಚಿಯಂತೆ ಬಳಕೆಯಾಗುತ್ತದೆ, ಕಟ್ಟುನಿಟ್ಟಿನ ನಿಯಮವಲ್ಲ. ಇಬ್ಬರ ಆದಾಯ, ಆಸ್ತಿ, ಸಾಲ, ಮದುವೆಯಲ್ಲಿದ್ದಾಗಿನ ಜೀವನಮಟ್ಟ, ಮಗುವಿನ ವಯಸ್ಸು, ಓದು, ಆರೋಗ್ಯ ಎಲ್ಲವನ್ನೂ ನೋಡುತ್ತಾರೆ.

2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಈ ವಿಷಯದಲ್ಲಿ ದೊಡ್ಡ ಉಪಕಾರ ಮಾಡಿದೆ. ರಜನೀಶ್ ವಿರುದ್ಧ ನೇಹಾ ಎಂಬ ಪ್ರಕರಣ. ಅದರಂತೆ ಜೀವನಾಂಶದ ಪ್ರಕರಣದಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳ ಪಟ್ಟಿಯನ್ನು ಪ್ರಮಾಣಪತ್ರದ ಮೇಲೆ ಕೊಡಲೇಬೇಕು. ಸುಳ್ಳು ಹೇಳಿದರೆ ಕ್ರಮ ಉಂಟು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ, ತೀರ್ಪಿನ ದಿನದಿಂದ ಅಲ್ಲ. ಆದ್ದರಿಂದ "ಇವತ್ತು ನಾಳೆ ಸರಿಹೋದೀತು" ಎಂದು ಅರ್ಜಿಯನ್ನೇ ಹಾಕದೆ ಮೂರು ವರ್ಷ ತವರಿನಲ್ಲಿ ಕೂತರೆ ಆ ಮೂರು ವರ್ಷದ ಜೀವನಾಂಶ ಕೈಬಿಟ್ಟು ಹೋಗಬಹುದು. ರಾಜಿಯ ಮಾತು ನಡೆಯಲಿ, ಅರ್ಜಿಯೂ ಇರಲಿ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ತಲುಪಿದ 60 ದಿನದೊಳಗೆ ಸಾಧ್ಯವಾದಷ್ಟು ತೀರ್ಮಾನಿಸಬೇಕು ಎಂದು ಕಾನೂನೇ ಹೇಳಿದೆ.

ನಮ್ಮದು ಒಕ್ಕಲುತನದ ನಾಡು. "ನನಗೇನು ಸಂಬಳ ಇದೆಯಾ, ಮಳೆ ಬಂದರೆ ಬೆಳೆ" ಎನ್ನುತ್ತಾರೆ. ಸಂಬಳದ ಚೀಟಿ ಇಲ್ಲದಿದ್ದರೂ ಪಹಣಿ ಇದೆ. ಎಷ್ಟು ಎಕರೆ, ನೀರಾವರಿಯೋ ಖುಷ್ಕಿಯೋ, ಯಾವ ಬೆಳೆ, ಸಕ್ಕರೆ ಕಾರ್ಖಾನೆಗೆ ಎಷ್ಟು ಟನ್ ಕಬ್ಬು ಹೋಯಿತು, ಎಪಿಎಂಸಿಯ ರಸೀದಿ, ಸೊಸೈಟಿಯ ಸಾಲದ ಖಾತೆ, ಹಾಲಿನ ಡೇರಿಯ ಪುಸ್ತಕ. ಇವೆಲ್ಲ ಆದಾಯದ ಸಾಕ್ಷಿಗಳೇ. ಬರಗಾಲ ನಿಜವಾಗಿ ಬಂದರೆ ಮೊತ್ತ ಕಡಿಮೆ ಮಾಡಿ ಎಂದು ತಂದೆಯೂ ಕೇಳಬಹುದು. ಬದಲಾದ ಪರಿಸ್ಥಿತಿಗೆ ತಕ್ಕಂತೆ ಏರಿಸಲು ಇಳಿಸಲು ಸಂಹಿತೆಯ 146ನೇ ಕಲಂ ಅವಕಾಶ ಕೊಟ್ಟಿದೆ. ಆದರೆ ಮಳೆ ಬಂದ ವರ್ಷ ಟ್ರ್ಯಾಕ್ಟರ್ ಕೊಂಡು, ಮಗುವಿಗೆ ಮಾತ್ರ ಬರಗಾಲ ಹೇಳುವುದು ನ್ಯಾಯವಲ್ಲ.

ಇಂದು ಸಾಕಾಗುವ ಮೊತ್ತ ಹತ್ತು ವರ್ಷದ ಮೇಲೆ ಸಾಲುವುದಿಲ್ಲ. ರಾಜಿ ಪತ್ರದಲ್ಲೇ ಏರಿಕೆಯ ಮಾತು ಬರೆಸಿ. 6,000 ರೂಪಾಯಿಗೆ ಎರಡು ವರ್ಷಕ್ಕೊಮ್ಮೆ ಶೇ. 10 ಏರಿಕೆ ಎಂದು ಬರೆದರೆ ಹತ್ತು ವರ್ಷದ ಹೊತ್ತಿಗೆ ಅದು 9,663 ಆಗುತ್ತದೆ. ಬರೆಯದಿದ್ದರೆ ಪ್ರತಿ ಸಲ ಹೊಸ ಅರ್ಜಿ, ಹೊಸ ಅಲೆದಾಟ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಾನೇ ಒಂದು ಪ್ರಕರಣದಲ್ಲಿ ಹೆಂಡತಿಗೆ ತಿಂಗಳಿಗೆ 50,000 ರೂ. ಶಾಶ್ವತ ಜೀವನಾಂಶ ಗೊತ್ತುಮಾಡಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಸಬೇಕು ಎಂದಿದೆ.

ಗಂಡುಮಕ್ಕಳ ತಾಯಂದಿರು ಇನ್ನೊಂದನ್ನು ಗಮನಿಸಬೇಕು. ಆರೋಗ್ಯವಂತ ಮಗನಿಗೆ ಹದಿನೆಂಟು ತುಂಬಿದ ಮೇಲೆ ಜೀವನಾಂಶ ಕೇಳುವುದು ಕಷ್ಟ. ಆದರೆ ಇಂಜಿನಿಯರಿಂಗೋ ನರ್ಸಿಂಗೋ ಐಟಿಐಯೋ, ನಿಜವಾದ ಖರ್ಚು ಶುರುವಾಗುವುದೇ ಆಗ. "ಓದು ಮುಗಿಯುವವರೆಗೆ ಶುಲ್ಕದ ಇಷ್ಟು ಭಾಗ ತಂದೆಯದು" ಎಂಬ ಸಾಲನ್ನು ರಾಜಿಯಲ್ಲೇ ಸೇರಿಸಿ. ತಂದೆ ಒಪ್ಪಿ, ನ್ಯಾಯಾಲಯ ದಾಖಲಿಸಿದರೆ ಅದಕ್ಕೆ ಬಲ ಬರುತ್ತದೆ.

ಆದೇಶ ಬಂತು, ಹಣ ಬರಲಿಲ್ಲ

ನನ್ನ ಕಚೇರಿಗೆ ಬರುವ ಹೆಣ್ಣುಮಕ್ಕಳ ದೊಡ್ಡ ಸಂಕಟ ಇದು. ಸಂಹಿತೆಯಡಿ ಪಡೆದ ಜೀವನಾಂಶ ಬಾಕಿಯಾದರೆ ಅದು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ಇದನ್ನು ದಯವಿಟ್ಟು ನೆನಪಿಡಿ. ಬಾಕಿಯಾದ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಎಂದು ತಿಳಿದವರಿದ್ದಾರೆ. ತೀರುವುದಿಲ್ಲ. ಸೆರೆವಾಸ ಒತ್ತಾಯದ ಸಾಧನವಷ್ಟೆ, ಹಣ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಸಂಬಳದಾರನಾದರೆ ಜೀವನಾಂಶದ ಡಿಕ್ರಿಗಾಗಿ ಸಂಬಳ ಜಪ್ತಿ ಮಾಡಿಸಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ. ಜಮೀನುದಾರನಾದರೆ ವಿವಾಹ ಕಾಯ್ದೆಯ 25ನೇ ಕಲಂನಂತೆ ಜೀವನಾಂಶಕ್ಕೆ ಅವನ ಸ್ಥಿರಾಸ್ತಿಯ ಮೇಲೆ ಋಣಭಾರ ಹೊರಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಬ್ಯಾಂಕಿನ ಬೋಜಾ ಪಹಣಿಯ 11ನೇ ಕಾಲಂನಲ್ಲಿ ಕೂರುವುದು ನಿಮಗೆ ಗೊತ್ತು. ಇಂಥ ಋಣಭಾರವನ್ನೂ ಅಲ್ಲಿ ನಮೂದಿಸಿಕೊಂಡರೆ ಆ ಹೊಲವನ್ನು ಸದ್ದಿಲ್ಲದೆ ಮಾರಿ ಕೈತೊಳೆದುಕೊಳ್ಳುವುದು ಕಷ್ಟವಾಗುತ್ತದೆ. ರಾಜಿ ಮಾಡಿಸುವ ಹಿರಿಯರು ಇದನ್ನು ಕೇಳಬೇಕು.

ಹೊಲದ ಮಾತು ಬಂದಿದ್ದರಿಂದ ಇನ್ನೊಂದು ಹೇಳುತ್ತೇನೆ. ವಿಚ್ಛೇದನ ಕಡಿಯುವುದು ಗಂಡ ಹೆಂಡತಿಯ ಸಂಬಂಧವನ್ನು. ತಂದೆ ಮಗುವಿನ ಸಂಬಂಧವನ್ನಲ್ಲ. ತಂದೆಯ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಹುಟ್ಟಿನಿಂದ ಬಂದ ಹಕ್ಕು ಹಾಗೇ ಇರುತ್ತದೆ; ಮಗಳಿಗೂ ಸಮಪಾಲು ಎಂದು 2005ರ ತಿದ್ದುಪಡಿ ಇಡೀ ದೇಶಕ್ಕೆ ಹೇಳಿತು. ಕೂಸಿನ ಪರವಾಗಿ "ಆಸ್ತಿಯಲ್ಲಿ ಪಾಲು ಕೇಳುವುದಿಲ್ಲ" ಎಂದು ಬರೆಸಿಕೊಳ್ಳುವುದು ವ್ಯರ್ಥ ಪ್ರಯತ್ನ. ಅಸಿಂಧು ಮದುವೆಯಿಂದ ಹುಟ್ಟಿದ ಮಕ್ಕಳೂ ಕಾನೂನಿನ ಕಣ್ಣಿನಲ್ಲಿ ನ್ಯಾಯಬದ್ಧ ಸಂತಾನವೇ. ಒಟ್ಟು ಕುಟುಂಬದಲ್ಲಿ ತಂದೆಯ ಪಾಲಿಗೆ ಬರುವ ಆಸ್ತಿಯಲ್ಲಿ ಅವರಿಗೂ ಹಕ್ಕುಂಟು ಎಂದು 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ಪ್ರಕರಣ ಹೋದದ್ದು ನಮ್ಮ ಕರ್ನಾಟಕದಿಂದಲೇ.

ನಾನು ಕೇಳುವ ನೆಪಗಳು

"ಅವಳೇ ದುಡಿಯುತ್ತಾಳಲ್ಲ." ದುಡಿಯಲಿ. ಅವಳ ದುಡಿಮೆಯನ್ನೂ ನ್ಯಾಯಾಲಯ ಲೆಕ್ಕಕ್ಕೆ ಹಿಡಿಯುತ್ತದೆ, ಮಗುವಿನ ಖರ್ಚಿನಲ್ಲಿ ಅವಳ ಪಾಲನ್ನೂ ನೋಡುತ್ತದೆ. ಆದರೆ ತಾಯಿ ದುಡಿದಳೆಂದು ತಂದೆಯ ಹೊಣೆ ಇಲ್ಲವಾಗುವುದಿಲ್ಲ. ದುಡಿಯುವ ಸಾಮರ್ಥ್ಯ ಇರುವುದು ಬೇರೆ, ನಿಜವಾಗಿ ದುಡಿಯುತ್ತಿರುವುದು ಬೇರೆ ಎಂದೂ ಸುಪ್ರೀಂ ಕೋರ್ಟ್ ಹೇಳಿದೆ. ಡಿಗ್ರಿ ಇದ್ದ ಮಾತ್ರಕ್ಕೆ ಕೈಯಲ್ಲಿ ಸಂಬಳ ಇದ್ದಂತಲ್ಲ.

"ನಾನು ಮತ್ತೊಂದು ಮದುವೆ ಆಗಿದ್ದೀನಿ, ಅವರನ್ನೂ ಸಾಕಬೇಕು." ಸಾಕಬೇಕು. ಮೊದಲನೆಯ ಮಗುವನ್ನೂ ಸಾಕಬೇಕು. ಹಾಗೆಯೇ ವಿಚ್ಛೇದಿತ ಹೆಂಡತಿ ಮರುಮದುವೆಯಾದರೆ ಅವಳ ಜೀವನಾಂಶ ನಿಲ್ಲುತ್ತದೆ. ಮಗುವಿನದು ನಿಲ್ಲುವುದಿಲ್ಲ.

"ಮಗುವನ್ನು ನೋಡೋಕೆ ಬಿಡೋದಿಲ್ಲ, ನಾನ್ಯಾಕೆ ದುಡ್ಡು ಕೊಡಲಿ?" ಈ ಮಾತಿನಲ್ಲಿ ಒಂದು ತಂದೆಯ ನೋವಿದೆ, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ತಾಯಂದಿರಿಗೂ ಇಲ್ಲಿ ಮಾತು ಹೇಳಬೇಕು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು ಕಾನೂನು ಹೇಳಿದೆ. ಆದರೆ ಎಲ್ಲಕ್ಕಿಂತ ಮೇಲೆ ಮಗುವಿನ ಹಿತವನ್ನು ಇಟ್ಟಿದೆ. ತಂದೆಯನ್ನು ಕಾಣುವುದೂ ಮಗುವಿನ ಹಿತವೇ, ಅಪಾಯದ ಕಾರಣ ಇಲ್ಲದಿದ್ದರೆ. ಕೋಪಕ್ಕೆ ಮಗುವನ್ನು ಬಚ್ಚಿಡಬೇಡಿ. ಭೇಟಿ ತಪ್ಪಿದರೆ ತಂದೆ ಭೇಟಿಗಾಗಿ ಅರ್ಜಿ ಹಾಕಲಿ, ಹಣ ತಪ್ಪಿದರೆ ತಾಯಿ ಹಣಕ್ಕಾಗಿ ಅರ್ಜಿ ಹಾಕಲಿ. ಒಂದನ್ನು ತಡೆದು ಇನ್ನೊಂದನ್ನು ವಸೂಲು ಮಾಡಿದರೆ ಸೋಲುವುದು ಮಗು.

ಕೊಡುವ ತಂದೆಗೂ ಒಂದು ಸಲಹೆ. ಕೈಯಲ್ಲಿ ಕೊಡಬೇಡಿ, ಸೋದರಮಾವನ ಕೈಯಲ್ಲಿ ಕಳಿಸಬೇಡಿ. ಪ್ರತಿ ತಿಂಗಳು ಗೊತ್ತಾದ ದಿನಾಂಕಕ್ಕೆ ಬ್ಯಾಂಕ್ ಖಾತೆಗೆ ಹಾಕಿ. ಪ್ರಾಮಾಣಿಕವಾಗಿ ಐದು ವರ್ಷ ನಗದು ಕೊಟ್ಟು, ರಸೀದಿ ಇಲ್ಲದೆ ಕೋರ್ಟಿನಲ್ಲಿ ಮತ್ತೆ ಕೊಡಬೇಕಾಗಿ ಬಂದವರನ್ನು ನೋಡಿದ್ದೇನೆ.

ಮದುವೆಯಲ್ಲಿ ಹೆಣ್ಣಿಗೆ ಬಂದ ಬಂಗಾರ, ಪಾತ್ರೆ, ಉಡುಗೊರೆ ಸ್ತ್ರೀಧನ. ಅದು ಅವಳ ಸ್ವಂತದ್ದು. ಅದನ್ನು ಹಿಂದಿರುಗಿಸಿ "ಇದೇ ಜೀವನಾಂಶ" ಎಂದು ಲೆಕ್ಕ ತೋರಿಸುವ ರಾಜಿಗಳಿವೆ. ಅವಳದನ್ನೇ ಅವಳಿಗೆ ಕೊಟ್ಟರೆ ಅದು ಜೀವನಾಂಶ ಹೇಗಾದೀತು?

ಮಠ ಏನು ಮಾಡಬಹುದು?

ಪೂಜ್ಯರ ಮುಂದೆ ಮತ್ತು ಸಭೆಯ ಹಿರಿಯರ ಮುಂದೆ ನನ್ನ ಅರಿಕೆ ಇದು.

ಒಂದು, ಈ ಜಗಲಿಯಲ್ಲಿ ಬಾಂಡ್ ಪೇಪರ್ ವಿಚ್ಛೇದನಕ್ಕೆ ಯಾರೂ ಸಾಕ್ಷಿ ಸಹಿ ಹಾಕುವುದಿಲ್ಲ ಎಂದು ತೀರ್ಮಾನ ಮಾಡಿ. ರಾಜಿ ಮಾಡಿಸಿ, ಅದನ್ನು ನ್ಯಾಯಾಲಯದ ಮುಂದೆ ಇಡಲು ಹೇಳಿ.

ಎರಡು, ರಾಜಿ ಪತ್ರದಲ್ಲಿ ಮಗುವಿಗೆ ಬೇರೆಯೇ ಪುಟ ಇರಲಿ. ಹೆಂಡತಿಯ ಮೊತ್ತ ಬೇರೆ, ಮಗುವಿನ ಮೊತ್ತ ಬೇರೆ. ಮಗು ಯಾರ ಬಳಿ ಇರಬೇಕು, ಇನ್ನೊಬ್ಬರು ಯಾವ ದಿನ ನೋಡಬೇಕು, ತಿಂಗಳಿಗೆ ಎಷ್ಟು, ಯಾವ ಖಾತೆಗೆ, ಏರಿಕೆ ಎಷ್ಟು, ಶಾಲೆ ಮತ್ತು ಆಸ್ಪತ್ರೆಯ ದೊಡ್ಡ ಖರ್ಚು ಯಾರದೆಷ್ಟು, ಹದಿನೆಂಟರ ಮೇಲಿನ ಓದಿಗೆ ಏನು. ಇಡಿಗಂಟು ಕೊಡುವುದಾದರೆ ಮಗುವಿನ ಹೆಸರಿನಲ್ಲೇ ಠೇವಣಿ ಇಡಿಸಿ.

ಮೂರು, ರಾಜಿಗೆ ಕೂರುವ ದಿನ ಹೆಣ್ಣುಮಗಳ ಮಾತನ್ನು ಅವಳ ಬಾಯಿಂದಲೇ ಕೇಳಿ. ಅಣ್ಣ, ಚಿಕ್ಕಪ್ಪ ಮಾತನಾಡುತ್ತಾರೆ. ಅವಳು ಒಳಗೆ ಕೂತಿರುತ್ತಾಳೆ. ಅನುಭವ ಮಂಟಪದಲ್ಲಿ ಹೆಣ್ಣುಮಕ್ಕಳು ಎದ್ದುನಿಂತು ಮಾತನಾಡಿದರು ಎಂದು ನಾವು ಎಲ್ಲ ಕಡೆ ಹೆಮ್ಮೆಯಿಂದ ಹೇಳುತ್ತೇವೆ. ಅವಳ ಬದುಕಿನ ತೀರ್ಮಾನ ಆಗುವಾಗ ಅವಳಿಗೆ ಒಂದು ಕುರ್ಚಿ ಹಾಕದಿದ್ದರೆ ಆ ಹೆಮ್ಮೆಗೆ ಅರ್ಥವಿಲ್ಲ.

ನಾಲ್ಕು, ವಕೀಲರಿಗೆ ಕೊಡಲು ಹಣವಿಲ್ಲ ಎಂದು ಯಾರೂ ಹಿಂಜರಿಯಬಾರದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಎಲ್ಲ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಅವರ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಸಾಕು. ಸಹಾಯವಾಣಿ 15100. ಹೆಣ್ಣುಮಗಳು ತಾನು ಈಗ ವಾಸವಿರುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಗಂಡನ ಊರಿಗೆ ಅಲೆಯಬೇಕಿಲ್ಲ. ಈ ಎರಡು ಸಾಲನ್ನು ಮಠದ ಫಲಕದ ಮೇಲೆ ಬರೆಸಿಬಿಡಿ.

ಸಂಸಾರ ಒಡೆಯಬಾರದು ಎಂಬ ಆಸೆ ನನಗೂ ಇದೆ. ಒಡೆಯುವ ಹಂತಕ್ಕೆ ಬಂದಾಗ ಇಬ್ಬರ ಮಾತು ಕೇಳುವ ಹಿರಿಯರು ಇರುತ್ತಾರೆ, ಇಬ್ಬರಿಗೂ ವಕೀಲರು ಸಿಗುತ್ತಾರೆ. ಮೂರು ವರ್ಷದ ಕೂಸಿನ ಪರವಾಗಿ ಆ ಜಗಲಿಯ ಮೇಲೆ ಮಾತನಾಡುವವರು ಇರುವುದಿಲ್ಲ. ಮುಂದಿನ ಸಲ ಇಂಥ ಪಂಚಾಯ್ತಿ ಇಲ್ಲಿ ಕೂತಾಗ ನಿಮ್ಮಲ್ಲಿ ಒಬ್ಬರು ಕಾಗದ ಪೆನ್ನು ಹಿಡಿದು, ಕೂಸಿಗೆ ತಿಂಗಳಿಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿ ಗಟ್ಟಿಯಾಗಿ ಓದಿ ಹೇಳಿ. ಇಷ್ಟು ಮಾಡಿದರೆ ನಾನು ಇವತ್ತು ಇಲ್ಲಿಗೆ ಬಂದದ್ದು ಸಾರ್ಥಕ.